ಸೌದೆಗೆ ಕಡಲು ದಾಟಿದವಳು

ವಿಲ್ಡನ್ ಊರಿನ ಸಭಾಮನೆಯಲ್ಲಿ ಒಲೆ ಇರಲಿಲ್ಲ. ಮ್ಯಾಸಚೂಸೆಟ್ಸ್ ಕೊಲ್ಲಿಯ ಯಾವ ಊರಿನ ಸಭಾಮನೆಯಲ್ಲೂ ಇರಲಿಲ್ಲ. ಭಾನುವಾರದ ಸಬ್ಬತ್ ದಿನ ಬೆಳಿಗ್ಗೆ ನಗಾರಿ ಬಡಿದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರೆ ಮರಳುಗಡಿಯಾರವನ್ನು ಎರಡು ಸಲ ಮಗುಚುವವರೆಗೂ ಬೋಧನೆ. ಮಧ್ಯಾಹ್ನ ಮತ್ತೆ ಅಷ್ಟೇ. ಚಳಿಗಾಲದಲ್ಲಿ ಬೋಧಕರ ಬಾಯಿಂದ ವಾಕ್ಯದ ಜೊತೆಗೆ ಬಿಳಿಯ ಉಸಿರೂ ಬರುತ್ತಿತ್ತು. ನರಕದ ಬೆಂಕಿಯ ವರ್ಣನೆ ಕೇಳುತ್ತ ಕೂತ ಒಬ್ಬಿಬ್ಬರಿಗೆ ಅಲ್ಲಿಗೇ ಹೋಗಿಬಿಟ್ಟರೆ ವಾಸಿ ಎನಿಸಿದ್ದರೆ ಅದು ಅವರ ತಪ್ಪಲ್ಲ. ಆ ಸಭಾಮನೆಯಲ್ಲಿ ಹೆಂಗಸರ ಕಡೆಯ ಮೂರನೆಯ ಬೆಂಚಿನಲ್ಲಿ ಇಪ್ಪತ್ತೊಂದು ವರ್ಷ ಕೂತವಳು ಸಿಸ್ಲಿ ಥ್ರೇಲ್. ಚಳಿಗೆ ಹೆದರಿ ಹುಟ್ಟಿದ ದೇಶವನ್ನೇ ಬಿಟ್ಟವಳು ಅವಳು.

ಆದರೆ ಊರಿನವರಿಗೆ ಗೊತ್ತಿದ್ದ ಕಥೆ ಬೇರೆಯಾಗಿತ್ತು.

ಸಿಸ್ಲಿ ಹುಟ್ಟಿದ್ದು ಇಂಗ್ಲೆಂಡಿನ ಸಫಕ್ ಸೀಮೆಯಲ್ಲಿ. ಅಪ್ಪ ಬೇಗ ಸತ್ತ. ತಾಯಿ ಏಗ್ನಸ್ ಉಣ್ಣೆ ನೂತು ಬದುಕುತ್ತಿದ್ದಳು. ಊರಿನ ಗೋಮಾಳಕ್ಕೆ ಜಮೀನ್ದಾರ ಬೇಲಿ ಹಾಕಿಸಿದ ಮೇಲೆ ಬಡವರಿಗೆ ಪುರಲೆ ಆರಿಸುವ ಜಾಗವೂ ಇಲ್ಲದಾಯಿತು. ಸಿಸ್ಲಿಗೆ ಹತ್ತು ವರ್ಷವಾಗಿದ್ದಾಗ, ಹಿಮ ಮೊಣಕಾಲುದ್ದ ಬಿದ್ದ ಒಂದು ದಿನ, ತಾಯಿ ಮಗಳು ಬರಿಗಾಲಲ್ಲಿ ಆರು ಮೈಲಿ ಅಲೆದರೂ ಒಂದು ಚಕ್ಕೆ ಸಿಗಲಿಲ್ಲ. ಬರುವಾಗ ಏಗ್ನಸ್ ಬೇಲಿಯಿಂದ ಎರಡು ಕಡ್ಡಿ ಕಿತ್ತಳು. ಕಾವಲಿನವನು ಕಂಡ. ಮುಂದಿನ ಭಾನುವಾರ ಚರ್ಚಿನ ಮುಂದಿನ ಕಂಬಕ್ಕೆ ಕಟ್ಟಿ ಎಂಟು ಏಟು ಹೊಡೆದರು. ಕಾನೂನಿನಲ್ಲಿ ಹಾಗೆ ಬರೆದಿತ್ತು, ಹೊಡೆದವನಿಗೆ ಅವಳ ಮೇಲೆ ಹಗೆಯೇನೂ ಇರಲಿಲ್ಲ. ಆಮೇಲೆ ಏಗ್ನಸ್ ಬದುಕಿದ್ದ ಎರಡು ಚಳಿಗಾಲವೂ ಒಲೆ ಹೊತ್ತಿಸುವ ಮುಂಚೆ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದಳು. ಎದೆಗೆ ಶೀತ ಹಿಡಿದು ಸತ್ತಳು.

ಸಿಸ್ಲಿ ನೇಕಾರರ ಮನೆಯಲ್ಲಿ ಆಳಾಗಿದ್ದು ಬೆಳೆದು, ಆಂಬ್ರೋಸ್ ಥ್ರೇಲ್ ಎಂಬ ನೇಕಾರನನ್ನೇ ಮದುವೆಯಾದಳು. ಅವರ ಗ್ರಹಚಾರಕ್ಕೆ ಅದೇ ವರ್ಷ ಬಟ್ಟೆಯ ವ್ಯಾಪಾರ ನೆಲಕಚ್ಚಿತು. ಮಗ್ಗದ ಮೇಲೆ ಜೇಡ ನೇಯತೊಡಗಿತು. ಆಗ ಕಡಲಾಚೆಗೆ ಹೋಗಿದ್ದ ಯಾರದೋ ಕಾಗದವೊಂದು ಊರಿಗೆ ಬಂದು ಹೆಂಡದಂಗಡಿಯಲ್ಲಿ ಓದಿಸಿಕೊಂಡಿತು. ಆಂಬ್ರೋಸ್ ಓಡೋಡಿ ಬಂದು ಹೆಂಡತಿಗೆ ಹೇಳಿದ:

"ಜಮೀನು ಕೊಡ್ತಾರಂತೆ ಕಣೇ! ಗೇಣಿ ಇಲ್ಲ, ಧಣಿ ಇಲ್ಲ. ನಮ್ದೇ ಅಂತೆ!"

"ಇನ್ನೇನ್ ಬರ್ದಿದ್ದ?"

"ಕಾಡೋ ಕಾಡು. ಕೂಲಿ ಮಾಡೋನ ಮನೇಲೂ ನಮ್ಮ ಜಮೀನ್ದಾರ್ರ ಮನೇಗಿಂತ ದೊಡ್ಡ ಬೆಂಕಿ ಹಾಕ್ತಾರಂತೆ. ಸೌದೆ ಕೇಳೋರೇ ಇಲ್ವಂತೆ."

ಸಿಸ್ಲಿ ನೂಲುತ್ತಿದ್ದ ಕೈ ನಿಲ್ಲಿಸಿದಳು. "ಬೇಲಿ?"

"ಇಲ್ಲ ಅಂದ್ನಲ್ಲ."

"ಹಂಗಾದ್ರೆ ನಡಿ," ಎಂದಳು. ಅವಳು ಮಾಡಿದ ವಿಚಾರ ಅಷ್ಟೇ.

ಹಡಗಿನ ಹೊಟ್ಟೆಯಲ್ಲಿ ಹತ್ತು ವಾರ. ಉಪ್ಪು ಹಾಕಿದ ದನದ ಮಾಂಸ, ಹುಳ ಬಿದ್ದ ಬಿಸ್ಕತ್ತು, ನೂರಿಪ್ಪತ್ತು ಜನರ ವಾಂತಿ. ಇವರಲ್ಲಿ ದೇವರಿಗಾಗಿಯೇ ಬಂದವರು ಇದ್ದರು. ಅವರನ್ನು ನೋಡಿ ನಗಬಾರದು, ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡಿದ್ದಕ್ಕೆ ಜೈಲು ಕಂಡು ಬಂದವರೂ ಅವರಲ್ಲಿದ್ದರು. ಆಸ್ತಿ ಸಿಗದ ಕಿರಿಯ ಮಕ್ಕಳು ಇದ್ದರು, ಬಾಯಿಬಡುಕಿ ಹೆಂಡತಿಯಿಂದ ತಪ್ಪಿಸಿಕೊಂಡವನೊಬ್ಬನಿದ್ದ. ಹಡಗು ಇಳಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಕಾರಣ ಕುದುರಿಕೊಂಡಿತ್ತು: ನಾವು ಬಂದದ್ದು ದೇವರ ಶುದ್ಧವಾದ ವಾಕ್ಯವನ್ನು ಕೇಳುವುದಕ್ಕೆ.

ವಿಲ್ಡನ್‌ನಲ್ಲಿ ಅವರಿಗೆ ಮನೆಕಟ್ಟುವ ಜಾಗ, ಮುಸುಕಿನ ಜೋಳದ ಹೊಲ, ಕಾಡಿನಲ್ಲಿ ಸೌದೆಯ ಹಕ್ಕು ಸಿಕ್ಕವು. ಮೊದಲ ಚಳಿಗಾಲ ಗುಡ್ಡದ ಮಗ್ಗುಲಲ್ಲಿ ತೋಡಿದ ಗುಹೆಯಂಥ ಗೂಡಿನಲ್ಲಿ ಕಳೆದು, ಆಮೇಲೆ ಒಂದಂಕಣದ ಮನೆ ಎಬ್ಬಿಸಿದರು. ಹುಲ್ಲಿನ ಸೂರು, ಮಣ್ಣು ಮೆತ್ತಿದ ಮರದ ಹೊಗೆಗೂಡು. ಹೊಲ ಮೊದಲೇ ಹಸನಾಗಿತ್ತು. ಹಸನು ಮಾಡಿದವರು ಆ ನೆಲದ ಜನ, ಹಡಗುಗಳ ಜೊತೆ ಬಂದ ಬೇನೆಗೆ ಊರಿಗೆ ಊರೇ ಸತ್ತಿದ್ದರು. ದೇವರು ನಮಗಾಗಿ ತೆರವು ಮಾಡಿಕೊಟ್ಟ ಎಂದು ಬೋಧಕರು ಹೇಳುತ್ತಿದ್ದರು. ಗುಣಿಗೊಂದು ಮೀನನ್ನು ಗೊಬ್ಬರವಾಗಿ ಹಾಕಿ ಜೋಳ ಊರುವಾಗ ಸಿಸ್ಲಿಯ ಗುದ್ದಲಿಗೆ ಒಮ್ಮೆ ಕಪ್ಪೆಚಿಪ್ಪಿನ ಸಣ್ಣ ಮಣಿಸರ ಸಿಕ್ಕಿತು, ಮಗುವಿನ ಕೊರಳಿಗಾಗುವಷ್ಟು. ಅವಳು ಅದನ್ನು ಅಲ್ಲೇ ಮುಚ್ಚಿ ಮುಂದಿನ ಗುಣಿಗೆ ಹೋದಳು.

ಬೆಂಕಿಯ ವಿಷಯದಲ್ಲಿ ಕಾಗದ ಸುಳ್ಳು ಹೇಳಿರಲಿಲ್ಲ. ಆಳುದ್ದದ ಕೊರಡನ್ನು ಉರುಳಿಸಿ ಒಲೆಗೆ ತಳ್ಳುತ್ತಿದ್ದಳು. ಗಂಡ ಬೈಯುತ್ತಿದ್ದ.

"ಸೂರು ಹತ್ಕೊಂಡ್ರೆ ಏನ್ ಮಾಡ್ತೀಯೆ, ಮಾರಾಯ್ತಿ?"

"ಇನ್ನೊಂದ್ ಕಟ್ಟು. ಮರಕ್ಕೇನ್ ಬರವಾ?"

ಬರವಿರಲಿಲ್ಲ. ಬಂದು ಎರಡನೆಯ ವರ್ಷ ಮಾರ್ಚ್ ತಿಂಗಳಲ್ಲಿ, ಸೌದೆಗೆಂದು ಕಡಿಯುತ್ತಿದ್ದ ಓಕ್ ಮರ ಎಣಿಸಿದ ಕಡೆ ಬೀಳದೆ ಆಂಬ್ರೋಸನ ಮೇಲೆ ಬಿತ್ತು. ಸಿಸ್ಲಿ ಆಗ ಆರು ತಿಂಗಳ ಬಸುರಿ. ಹೆಣದ ಜೊತೆ ಆ ಮರವನ್ನೂ ಊರಿನವರು ಸೀಳಿ ತಂದು ಮನೆಯ ಪಕ್ಕ ಒಟ್ಟಿದರು. ಬೇರೆ ಏನು ಮಾಡಲು ಬರುತ್ತಿತ್ತು? ಅವಳು ಅದನ್ನೇ ಉರಿಸಿದಳು.

ಜೂನ್‌ನಲ್ಲಿ ಮಗಳು ಬೆತಾಯ ಹುಟ್ಟಿದಳು. ಹಿಡಿಯಷ್ಟು ಮಗು, ಉಸಿರಾಡಿದರೆ ಎದೆಗೂಡು ಎಣಿಸಬಹುದಿತ್ತು. ಮಗುವಿಗೆ ನೆತ್ತಿಯ ಮೇಲೆ ನೀರು ಹಾಕುವ ದೀಕ್ಷಾಸ್ನಾನ ಆಗಬೇಕಾದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಸಭೆಯ ಸದಸ್ಯರಾಗಿರಬೇಕು, ಅದು ಅಲ್ಲಿಯ ಕಟ್ಟಳೆ. ಊರಿನಲ್ಲಿದ್ದ ಮಾತ್ರಕ್ಕೆ, ಪ್ರತಿ ಸಬ್ಬತ್‌ಗೂ ಬಂದು ಕೂತ ಮಾತ್ರಕ್ಕೆ ಸದಸ್ಯತ್ವ ಸಿಗುತ್ತಿರಲಿಲ್ಲ. ದೇವರು ತನ್ನ ಎದೆಯನ್ನು ಹೇಗೆ ಮುರಿದ, ಮತ್ತೆ ಹೇಗೆ ಕೂಡಿಸಿದ ಎಂದು ಹಿರಿಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಅವರು ತೂಗಿ ನೋಡಿ ನಿಜ ಎಂದರೆ ಒಳಗೆ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಹೊರಗಿದ್ದವಳು 'ಗುಡ್‌ವೈಫ್ ಥ್ರೇಲ್', ಒಳಗೆ ಬಂದವಳು 'ಸೋದರಿ ಥ್ರೇಲ್'. ನೀರು ಬೀಳದ ಮಗು ಸತ್ತರೆ ಎಲ್ಲಿಗೆ ಹೋಗುತ್ತದೆಂದು ಬೋಧಕರು ಖಂಡಿತವಾಗಿ ಹೇಳುತ್ತಿರಲಿಲ್ಲ. ಹೆಂಗಸರು ಖಂಡಿತವಾಗಿ ಹೇಳುತ್ತಿದ್ದರು.

ಪಕ್ಕದ ಮನೆಯ ಸೋದರಿ ಹಾರ್ಕರ್ ಮೂರು ವರ್ಷದ ಹಿಂದೆಯೇ ಬೇರೆ ಊರಿನ ಸಭೆಯಲ್ಲಿ ಒಳಗಾಗಿ ಇಲ್ಲಿಗೆ ಬಂದವಳು. ಅವಳ ಅನುಭವ ಕೇಳಿ ಅಲ್ಲಿಯ ಹಿರಿಯರೇ ಕಣ್ಣೊರೆಸಿಕೊಂಡಿದ್ದರಂತೆ.

"ಯಾಕ್ ಬಂದೆ ಅಂತ ಕೇಳೇ ಕೇಳ್ತಾರೆ. ಏನ್ ಹೇಳ್ತೀಯ?" ಎಂದು ಕೇಳಿದಳು ಹಾರ್ಕರ್.

"ಇದ್ದದ್ ಹೇಳ್ತೀನಿ. ಸೌದೆಗೆ."

"ಅಯ್ಯೋ ನಿನ್ನ! ಸೌದೆಗೆ ಬಂದೋಳು ಸೌದೆ ತಗೊಂಡ್ ಹೋಗು ಅಂತಾರೆ. ಮಗು ಉಳಿಸ್ಕೋಬೇಕೋ ಬೇಡ್ವೋ? ನೋಡು, ನಾನು ಏನ್ ಹೇಳ್ದೆ ಅಂದ್ರೆ..."

ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗಿರಬೇಕು. ಸಿಸ್ಲಿ ಹೇಳಿದ್ದು ಹಾಗೆಯೇ ಇತ್ತು. ಬೋಧಕ ಮಾಸ್ಟರ್ ವೇಲ್ ಆಗಿನ್ನೂ ಎಳೆಯ ವಯಸ್ಸಿನವರು. ಅವರ ಪಕ್ಕದಲ್ಲಿ ಸಭೆಯ ಪಾರುಪತ್ಯ ನೋಡುವ ಡೀಕನ್ ಟಪ್ಪರ್, ಪಾಪದ ವಾಸನೆಯನ್ನು ಮೈಲಿ ದೂರದಿಂದ ಹಿಡಿಯುವವನೆಂದು ಹೆಸರಾದವನು. ಮಡಿಲಲ್ಲಿ ಮಗು ಗೊರಗೊರ ಎನ್ನುತ್ತಿತ್ತು.

"ಕಡಲು ದಾಟಿ ಯಾತಕ್ಕೆ ಬಂದಿರಿ, ಗುಡ್‌ವೈಫ್?" ಎಂದು ಕೇಳಿದರು ಬೋಧಕರು.

ಅವಳು ಮಗುವನ್ನು ನೋಡಿಕೊಂಡು ಹೇಳಿದಳು. ಬಾಲ್ಯದಲ್ಲಿ ಅರಸನ ಕಡೆಯವರು ನಮ್ಮ ಊರಿನ ಬೋಧಕರ ಬಾಯಿ ಕಟ್ಟಿಸಿದರು. ದೂರದ ಊರಿನಲ್ಲಿ ಒಬ್ಬರು ಬೋಧಿಸುತ್ತಾರೆಂದು ಕೇಳಿ, ತಾಯಿಯ ಕೈಹಿಡಿದು ಮೊಣಕಾಲುದ್ದ ಹಿಮದಲ್ಲಿ ಬರಿಗಾಲಲ್ಲಿ ಆರು ಮೈಲಿ ನಡೆದೆ. ಆ ವಾಕ್ಯ ಕೇಳಿ ನಡುಗಿದೆ, ಅತ್ತುಬಿಟ್ಟೆ. ಅದನ್ನು ದಿನವೂ ಕೇಳುವ ದೇಶಕ್ಕೆ ಹೋಗಬೇಕೆಂದು ಬಂದೆ.

ಹಿಮ ನಿಜ, ಬರಿಗಾಲು ನಿಜ, ನಡುಕ ನಿಜ, ಅತ್ತದ್ದೂ ನಿಜ. ಬೋಧಕರ ಕಣ್ಣಲ್ಲಿ ನೀರಾಡಿತು. ಡೀಕನ್ ಟಪ್ಪರ್ ಮೂಗು ಏರಿಸಿ ನೋಡಿದ, ಯಾವ ವಾಸನೆಯೂ ಬರಲಿಲ್ಲ. ಮುಂದಿನ ಸಬ್ಬತ್‌ನಲ್ಲಿ ಬೆತಾಯಳ ನೆತ್ತಿಗೆ ನೀರು ಬಿತ್ತು. ಮಗು ಉಳಿಯಿತು.

ಅಲ್ಲಿಗೆ ಮುಗಿಯಿತೆಂದು ಸಿಸ್ಲಿ ತಿಳಿದಿದ್ದಳು. ಮುಗಿಯಲಿಲ್ಲ. ಬೋಧಕರಿಗೆ ಆ ಕಥೆ ಬಲು ಹಿಡಿಸಿತ್ತು. ಯಾರಾದರೂ ಬೋಧನೆಯ ಮಧ್ಯೆ ತೂಕಡಿಸಿದರೆ, "ನಮ್ಮ ನಡುವೆ ಒಬ್ಬ ಬಡ ಹೆಂಗಸಿದ್ದಾಳೆ, ಹಿಮದಲ್ಲಿ ಬರಿಗಾಲಲ್ಲಿ ನಡೆದವಳು..." ಎಂದು ಎತ್ತಿಕೊಳ್ಳುತ್ತಿದ್ದರು. ಆರು ಮೈಲಿ ಹತ್ತಾಯಿತು, ಹತ್ತು ಹದಿನಾಲ್ಕಾಯಿತು. ಊರಿನ ಮಕ್ಕಳು ಚಳಿ ಎಂದು ರಾಗ ಎಳೆದರೆ ತಾಯಂದಿರು ಸಿಸ್ಲಿಯ ಕಾಲಿನ ಲೆಕ್ಕ ಒಪ್ಪಿಸುತ್ತಿದ್ದರು. ಸೋದರಿ ಹಾರ್ಕರ್ ತನ್ನ ಅನುಭವ ಇನ್ನೊಬ್ಬಳ ಹೆಸರಿನಲ್ಲಿ ಮೆರೆಯುವುದನ್ನು ಆರು ವರ್ಷ ಕೇಳಿ, ಬಾಯಿಬಿಡದೆ ತೀರಿಕೊಂಡಳು. ಒಳ್ಳೆಯ ಹೆಂಗಸು.

ಸಿಸ್ಲಿ ಮತ್ತೆ ಮದುವೆಯಾಗಲಿಲ್ಲ. ಒಂದು ಹಸು, ಜೋಳದ ಹೊಲ, ನೂಲುವ ರಾಟೆ. ಬೆಳಿಗ್ಗೆ ಜೋಳದ ಅಂಬಲಿ, ಸಂಜೆ ಕುಂಬಳಕಾಯಿ, ಕಡಲಿನ ಭರತ ಇಳಿದಾಗ ಕೆಸರಿನಿಂದ ಹೆಕ್ಕಿದ ಮಳಿ ಎಂಬ ಚಿಪ್ಪುಮೀನು. ಮಗಳನ್ನು ಬೆಚ್ಚಗೆ ಬೆಳೆಸಿದಳು. ಇಪ್ಪತ್ತು ವರ್ಷಗಳಲ್ಲಿ ಊರಿನ ಸುತ್ತಲ ಕಾಡು ಗುಡ್ಡದಾಚೆಗೆ ಸರಿದಿತ್ತು. ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದು ಊರಿನ ಗಂಡಸರು ಕಟ್ಟಳೆ ಮಾಡಿದರು. ಊರಿನ ಸಭೆಯಲ್ಲಿ ಹೆಂಗಸರು ಮಾತಾಡುವಂತಿರಲಿಲ್ಲ. ಆವತ್ತೇ ಸಿಸ್ಲಿ ತನ್ನ ಸೌದೆಯ ಒಟ್ಟಿಲಿಗೆ ಹಾಕಿದ್ದ ಮರೆಯನ್ನು ಮಾತ್ರ ತೆಗೆದುಹಾಕಿದಳು. ಬೇಕಾದವರು ಎರಡು ಕಡ್ಡಿ ಒಯ್ಯಲಿ ಎಂದು.

ಬೆತಾಯ ಬಡಗಿ ಈನಕ್‌ನನ್ನು ಮದುವೆಯಾಗಿ, ಸಾವಿರದ ಆರುನೂರ ಐವತ್ತೊಂಬತ್ತರ ನವೆಂಬರ್‌ನಲ್ಲಿ ಹೆಣ್ಣು ಹೆತ್ತಳು. ಮಗುವಿಗೆ ಹುಟ್ಟಿದಾಗಿನಿಂದ ಕೆಮ್ಮು. ಈನಕ್ ಸಭೆಯ ಸದಸ್ಯನಲ್ಲ, ಬಾಯಿ ಸತ್ತವನು, ಹಲಗೆಯ ಜೊತೆ ಬಿಟ್ಟು ಇನ್ನಾರ ಜೊತೆಯೂ ಮಾತಾಡದವನು. ಬೆತಾಯಳೂ ಸದಸ್ಯಳಲ್ಲ. ಚಿಕ್ಕಂದಿನಲ್ಲಿ ನೀರು ಬಿದ್ದಿದ್ದರೂ, ದೊಡ್ಡವಳಾದ ಮೇಲೆ ತನ್ನ ಅನುಭವ ತಾನೇ ಹೇಳಬೇಕು. ಅವಳು ಹೇಳಿರಲಿಲ್ಲ. ಊರಿನಲ್ಲಿ ಅವಳ ಓರಗೆಯ ಯಾರೂ ಹೇಳುತ್ತಿರಲಿಲ್ಲ. ತೊಟ್ಟಿಲುಗಳು ತುಂಬುತ್ತಿದ್ದವು, ದೀಕ್ಷಾಸ್ನಾನದ ಬೋಗುಣಿ ಒಣಗಿತ್ತು. ಬೋಧಕರಿಗೆ ಕಾರಣ ತಿಳಿಯುತ್ತಿರಲಿಲ್ಲ.

ಸಿಸ್ಲಿಗೆ ತಿಳಿದದ್ದು ಡಿಸೆಂಬರ್‌ನ ಒಂದು ಮಧ್ಯಾಹ್ನ, ಮಗಳ ಮನೆಯಲ್ಲಿ.

"ಹೋಗಿ ಹೇಳ್ಬಾರ್ದೇನೆ? ಮಗೂನ ನೋಡು, ಈ ಚಳಿ ದಾಟತ್ತೋ ಇಲ್ವೋ."

"ಏನ್ ಅಂತ ಹೇಳ್ಲವ್ವಾ?" ಬೆತಾಯ ಮಗುವಿನ ಬೆನ್ನು ಸವರುತ್ತಿದ್ದಳು. "ನಿನ್ ಹಂಗೆ ಹಿಮದಾಗೆ ನಡ್ದಿದೀನಾ? ಮನೆ ಬಿಟ್ಟಿದೀನಾ? ಕಡಲು ದಾಟಿದೀನಾ? ಮೂರು ಸಲ ಬೋಧಕರ ಬಾಗಿಲ ತನಕ ಹೋದೆ. ನಿನ್ ನೆನಪಾಗಿ ವಾಪಸ್ ಬಂದೆ. ನಿನ್ ಕಾಲ್ ಧೂಳಿಗೂ ನಾನ್ ಸಮ ಇಲ್ಲ. ಸುಳ್ ಹೇಳಿ ಒಳಗ್ ಹೋಗ್ಲಾ?"

ಸಿಸ್ಲಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಶಾಲು ಹೊದ್ದು ಎದ್ದಳು. ಮನೆಗೆ ಹೋಗಲಿಲ್ಲ, ನೆಟ್ಟಗೆ ಬೋಧಕರ ಮನೆಗೆ ಹೋದಳು. ಈ ವಯಸ್ಸಿನಲ್ಲಿ ಊರು ಕೈಬಿಟ್ಟರೆ ಅವಳಿಗೆ ಹೋಗಲು ಇನ್ನೊಂದು ಕಡಲಿರಲಿಲ್ಲ.

ಮಾಸ್ಟರ್ ವೇಲ್ ಎಲ್ಲವನ್ನೂ ಕೇಳಿದರು. ಡೀಕನ್ ಟಪ್ಪರ್ ಕೂಡ ಅಲ್ಲೇ ಇದ್ದ. ಈಗ ಎರಡೂ ಮಂಡಿ ಹಿಡಿದ ಮುದುಕ. ಮೊದಲು ಬಾಯಿಬಿಟ್ಟವನು ಅವನೇ.

"ಇಪ್ಪತ್ತೊಂದು ವರ್ಷ ಆಯ್ತಲ್ಲಮ್ಮಾ. ಈಗ್ಯಾಕೆ ಕೆದಕ್ತೀಯ? ಒಳ್ಳೇ ಕಥೆ ಅದು. ಮಕ್ಳಿಗೆ ಹೇಳ್ಕೊಡ್ತಿದೀವಿ."

"ಅದೇ ತೊಂದ್ರೆ ಆಗಿರೋದು ಡೀಕನ್ನರೇ. ಕಲ್ತುಬಿಟ್ಟಿದಾವೆ."

ಬೋಧಕರು ಕಾಗದ ತೆಗೆದು ಅವಳು ಹೇಳಿದ್ದನ್ನು ಬರೆದುಕೊಂಡರು. ಆ ಕಥೆಯನ್ನು ಅವರೆಷ್ಟು ಸಲ ಹೇಳಿದ್ದರೋ, ಪ್ರತಿ ಸಲವೂ ನಂಬಿದ್ದರು. "ಇದನ್ನು ಸಭೆಯ ಮುಂದೆ ಓದಬೇಕಾಗುತ್ತದೆ," ಎಂದರು ಕೊನೆಗೆ. "ನೀವು ನಿಂತಿರಬೇಕಾಗುತ್ತದೆ."

"ನಿಲ್ತೀನಿ."

"ಬೆತಾಯಳ ದೀಕ್ಷಾಸ್ನಾನದ ಗತಿ ಏನು ಹಂಗಾದ್ರೆ?" ಎಂದು ಕೇಳಿದ ಟಪ್ಪರ್.

"ಬಿದ್ದ ನೀರು ಬಿದ್ದಾಯಿತು," ಎಂದರು ಬೋಧಕರು.

ಸಬ್ಬತ್ ದಿನ ಸಿಸ್ಲಿ ಮೂರನೆಯ ಬೆಂಚಿನಿಂದ ಎದ್ದು ನಿಂತಳು. ಬೋಧಕರು ಕಾಗದ ಓದಿದರು. ಬೇಲಿಯ ಎರಡು ಕಡ್ಡಿ, ಎಂಟು ಏಟು, ಸೌದೆ, ಸುಳ್ಳು. ಎಲ್ಲೋ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. "ಈಗಲಾದರೂ ಸಭೆಗೆ ಹೇಳುವಂಥ ನಿಜವಾದ ಅನುಭವ ನಿಮ್ಮಲ್ಲಿದೆಯೇ?" ಎಂದು ಬೋಧಕರು ಕೇಳಿದರು. ಅವರ ಧ್ವನಿಯಲ್ಲಿ ಆಸೆಯಿತ್ತು. ಇದೆ ಎಂದಿದ್ದರೆ ಅವತ್ತೇ ಕ್ಷಮಿಸಿಬಿಡುತ್ತಿದ್ದರು.

"ಗೊತ್ತಿಲ್ಲ ಸ್ವಾಮಿ," ಎಂದಳು ಸಿಸ್ಲಿ. ಇನ್ನೊಂದು ಸಲ ಸುಳ್ಳು ಹೇಳುವ ತ್ರಾಣ ಅವಳಿಗಿರಲಿಲ್ಲ.

ಸದಸ್ಯರು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದಿಂದ ಅವಳನ್ನು ಹೊರಗಿಟ್ಟರು. 'ಸೋದರಿ' ಹೋಗಿ ಮತ್ತೆ 'ಗುಡ್‌ವೈಫ್' ಬಂತು. ಕೂರಲು ಬಾಗಿಲ ಪಕ್ಕದ ಕೊನೆಯ ಬೆಂಚು ಕೊಟ್ಟರು. ತೋಳ ಕೊಂದವರು ಅದರ ತಲೆಯನ್ನು ಅದೇ ಬಾಗಿಲಿಗೆ ಮೊಳೆಯಿಂದ ಹೊಡೆಯುತ್ತಿದ್ದರು, ಸಂದಿಯಿಂದ ಗಾಳಿ ಕೊಯ್ಯುತ್ತಿತ್ತು. ಆ ಬೆಂಚಿನಲ್ಲಿ ಕೂರುವ ಆಳುಹೆಂಗಸರು ಜರುಗಿ ಜಾಗ ಮಾಡಿಕೊಟ್ಟರು. ಬೆತಾಯ ಅವಳ ಕಡೆ ತಿರುಗಿ ನೋಡದೆ ಹೊರಟುಹೋದಳು.

ಹತ್ತು ದಿನ ಮಗಳು ಬರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಮಗುವನ್ನು ಕಟ್ಟಿಕೊಂಡು ಬಂದು ಹೊಸ್ತಿಲಲ್ಲೇ ನಿಂತಳು. ಮುಖ ಗಂಟು ಹಾಕಿಕೊಂಡಿತ್ತು.

"ಹಿಮದಾಗೆ ನಡ್ದಿದ್ದೂ ಸುಳ್ಳಾ?"

"ನಡ್ದಿದ್ದು ನಿಜ. ಸೌದೆಗೆ ನಡ್ದಿದ್ದು."

"ಅಷ್ಟು ನಡ್ದು ಎರಡೇ ಕಡ್ಡೀನಾ?"

"ಎರಡೇ. ಅದನ್ನೂ ಕಿತ್ಕೊಂಡ್ರು."

ಬೆತಾಯ ಅಮ್ಮನನ್ನೂ ಒಲೆಯಲ್ಲಿ ಉರಿಯುತ್ತಿದ್ದ ಕೊರಡನ್ನೂ ನೋಡಿದಳು. ಅಷ್ಟು ದೊಡ್ಡ ಬೆಂಕಿಯನ್ನು ಅಮ್ಮ ಯಾಕೆ ಹಾಕುತ್ತಾಳೆಂದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಳಗೆ ಬಂದು ಕೂತಳು.

"ಅಜ್ಜಿ ಹೆಸರೇನವ್ವಾ? ಒಂದಿನಾನೂ ಹೇಳಿಲ್ಲ ನೀನು."

"ಏಗ್ನಸ್," ಎಂದಳು ಸಿಸ್ಲಿ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಮೂವತ್ತು ವರ್ಷವಾಗಿತ್ತು. ಹೇಳಿ ಅತ್ತಳು.

ಮುಂದಿನ ವಾರ ಬೆತಾಯ ಹಿರಿಯರ ಮುಂದೆ ಹೋದಳು. ಅವಳು ಹೇಳಿದ್ದನ್ನು ಬೋಧಕರು ಬರೆದುಕೊಂಡು ಸಭೆಯಲ್ಲಿ ಓದಿದರು. ಬಲು ಚಿಕ್ಕದು. "ನಾನು ಯಾವ ಕಡಲನ್ನೂ ದಾಟಲಿಲ್ಲ. ಹುಟ್ಟಿದಾಗಿನಿಂದ ಬೆಚ್ಚಗಿದ್ದೆ, ಅದಕ್ಕೆ ಯಾರಿಗೂ ಉಪಕಾರ ಹೇಳಲಿಲ್ಲ. ತಾಯಿಯ ಮುಂದೆ ನಾನು ಕೀಳು ಎಂದುಕೊಂಡಿದ್ದೆ. ಅವಳು ಸುಳ್ಳು ಹೇಳಿದವಳೆಂದು ತಿಳಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ತಾಯಿ ಎಲ್ಲರೆದುರು ತಲೆತಗ್ಗಿಸಿ ನಿಂತಿರುವಾಗ ಮಗಳಿಗೆ ಸಂತೋಷ. ಆವತ್ತು ನನ್ನ ಎದೆಯಲ್ಲಿ ಏನಿದೆ ಎಂದು ನೋಡಿದೆ, ಹೆದರಿದೆ. ಅದನ್ನು ತೊಳೆಯುವುದು ನನ್ನಿಂದ ಆಗುವುದಿಲ್ಲ, ದೇವರಿಂದಲೇ ಆಗಬೇಕು."

ಡೀಕನ್ ಟಪ್ಪರ್ ಮೂಗು ಏರಿಸಿದ, ಇಳಿಸಿದ, ಕೈ ಎತ್ತಿ ಒಪ್ಪಿಗೆ ಕೊಟ್ಟ.

ಜನವರಿಯ ಆ ಸಬ್ಬತ್ ದಿನ ಚಳಿ ಎಷ್ಟಿತ್ತೆಂದರೆ ಬೋಗುಣಿಯ ನೀರು ಹೆಪ್ಪುಗಟ್ಟಿತ್ತು. ಟಪ್ಪರ್ ಬೆರಳಗೆಣ್ಣಿನಿಂದ ಕುಟ್ಟಿ ಒಡೆದ. ಬೋಧಕರು ಮಗುವಿನ ಹೆಸರು ಕೇಳಿದರು. "ಏಗ್ನಸ್," ಎಂದ ಈನಕ್, ಎಲ್ಲರಿಗೂ ಕೇಳಿಸುವಂತೆ. ಆ ಊರಿನಲ್ಲಿ ಅವನ ಧ್ವನಿಯನ್ನು ಹಲವರು ಕೇಳಿದ್ದು ಅವತ್ತೇ ಮೊದಲು. ನೆತ್ತಿಗೆ ನೀರು ಬಿದ್ದದ್ದೇ ಮಗು ಕಿಟಾರನೆ ಕಿರುಚಿ, ಕೆಮ್ಮಿ, ತುಟಿ ನೀಲಿಗಟ್ಟಿಸಿಕೊಂಡಿತು.

ಬೆತಾಯ ಮೂರನೆಯ ಬೆಂಚಿಗೆ ಹೋಗಬೇಕಾಗಿತ್ತು, ಅಮ್ಮನ ಜಾಗವನ್ನೇ ಅವಳಿಗೆ ಕೊಟ್ಟಿದ್ದರು. ಅಲ್ಲಿಗೆ ಹೋಗದೆ ಸಭೆಯ ನಡುವೆಯೇ ನಡೆದು ಬಾಗಿಲ ಪಕ್ಕದ ಬೆಂಚಿಗೆ ಬಂದಳು. ಸಭಾಮನೆಯೊಳಗೆ ಬೆಂಕಿ ತರಬಾರದೆಂದು ಊರಿನ ಕಟ್ಟಳೆಯಿತ್ತು, ಎರಡು ವರ್ಷದ ಹಿಂದೆ ಯಾರದೋ ಕೆಂಡ ಬಿದ್ದು ಹಲಗೆ ಸುಟ್ಟಿತ್ತು. ಬೆತಾಯಳಿಗೆ ಕಟ್ಟಳೆಯೂ ಗೊತ್ತಿತ್ತು, ಅಮ್ಮನೂ ಗೊತ್ತಿತ್ತು.

"ಅವ್ವಾ, ಬೆಂಕಿ ಇದೆಯಾ?" ಎಂದಳು ಮೆಲ್ಲಗೆ.

ಸಿಸ್ಲಿ ಲಂಗವನ್ನು ಸರಿಸಿ, ಬೂದಿ ಮುಚ್ಚಿದ ಕೆಂಡದ ಮಡಕೆಯನ್ನು ಕಾಲಿಂದ ಮುಂದಕ್ಕೆ ತಳ್ಳಿದಳು. ಮಗುವನ್ನು ಇಸಿದುಕೊಂಡು, ಶಾಲಿನ ಅಂಚಿನಿಂದ ನೆತ್ತಿ ಒರೆಸಿ, ಕಾವಿಗೆ ಹಿಡಿದಳು.

"ಅದಕ್ಕೇ ಅಲ್ವೇನೆ ನಾನು ಬಂದಿದ್ದು," ಎಂದಳು.